ಪ್ರೆಸ್ಸಿನ ಅಕ್ಕ ತೆಗೆದ ಸಿನೆಮಾ

ಮೊನ್ನೆ ಸಿದ್ದಾಪುರದ ಗ್ಯಾರೇಜಿನಲ್ಲಿ ಬೈಕು ಕೊಟ್ಟು ಕೂತಿದ್ದೆ. ಮೆಕ್ಯಾನಿಕ್ ಎಲ್ಲಿಂದಲೋ ಸಂಪಾದಿಸಿದ ಸೀಮೆಎಣ್ಣೆಯಲ್ಲಿ ಹಳೆಯ ಬನಿಯನ್ ಚೂರು ಅದ್ದಿ ಚೈನು ಉಜ್ಜತೊಡಗಿದ. ಸೀಮೆಎಣ್ಣೆಗೆ ಕರಿ ಜಿಡ್ಡು ಸೇರಿದಾಗ ಏಳುವ ವಾಸನೆಯೊಂದಿದೆ... ಸ್ವಲ್ಪ ಕಣ್ಣು ಉರಿಸುವಂಥದ್ದು. ಆ ವಾಸನೆ ಬಂದದ್ದೇ ತಡ, ಶಿರಸಿಯ ಬಿಡಕಿಬೈಲಿನ ಹಿಂದಿನ ಓಣಿ ನೆನಪಾಯಿತು. ಅರ್ಧ ಎಳೆದ ಶಟರು, ಒಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ನಿಂತು ಸೀಮೆಎಣ್ಣೆಯಲ್ಲಿ ಅಚ್ಚಿನ ಮಶಿನ್ನಿನ ರೋಲರು ತೊಳೆಯುತ್ತಿದ್ದ ಅಕ್ಕ.

ಎಲ್ಲರಿಗೂ ಅವಳು ಪ್ರೆಸ್ಸಿನ ಅಕ್ಕ. ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವಳು. ಬರೆಯುವಾಗ ‘ಅವರು’ ಎನ್ನಬೇಕೇನೋ, ಆದರೆ ನಮ್ಮ ಕಡೆಯ ಮಾತಿನಲ್ಲಿ ಅಕ್ಕನಿಗೆ ಏಕವಚನವೇ. ಹಾಗೇ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಸಿದ್ದಾಪುರದಲ್ಲಿ ನನ್ನದೊಂದು ಸಣ್ಣ ವಿಡಿಯೋ ಸ್ಟುಡಿಯೋ ಇತ್ತು. ಹೆಗಲ ಮೇಲಿಟ್ಟು ತೆಗೆಯುವ ದೊಡ್ಡ ಕ್ಯಾಮೆರಾ, ಎರಡು ವಿ.ಸಿ.ಆರ್., ಒಂದು ಟೀವಿ. ಮದುವೆ, ಉಪನಯನ, ಗೃಹಪ್ರವೇಶ, ಮತ್ತೆ ಮದುವೆ. ಅಕ್ಕನ ಪ್ರೆಸ್ಸಿಗೂ ಮದುವೆಯೇ ಜೀವಾಳ. ಅವಳು ಸೀಸದ ಅಕ್ಷರದ ಮೊಳೆ ಜೋಡಿಸಿ, ಕಾಲಲ್ಲಿ ತುಳಿಯುವ ಟ್ರೆಡಲ್ ಮಶಿನ್ನಿನಲ್ಲಿ ಕರೆಯೋಲೆ ಅಚ್ಚು ಹಾಕುತ್ತಿದ್ದಳು. ಗಿರಾಕಿಗಳನ್ನು ನಾವು ಒಬ್ಬರ ಹತ್ತಿರ ಒಬ್ಬರು ಕಳಿಸುತ್ತಿದ್ದೆವು. ಹಾಗೆ ಪರಿಚಯ.

“ತಮಾ, ಆನು ಮದ್ವೆ ಅಚ್ಚು ಹಾಕ್ತೆ, ನೀನು ಮದ್ವೆ ತೆಗಿತ್ಯ. ಊರವ್ರದ್ದೆಲ್ಲ ಮದ್ವೆ ಆಗಿ ಮುಗದ ಮೇಲೆ ನಂಗಕ್ಕೆ ಎಂತ ಇದ್ದು?” ಎಂದು ಒಮ್ಮೆ ಕೇಳಿದ್ದಳು. ನಗುತ್ತಲೇ ಕೇಳಿದ್ದು. ನನಗೆ ಮಾತ್ರ ಆ ದಿನವೆಲ್ಲ ಅದು ಕಿವಿಯಲ್ಲಿ ಉಳಿಯಿತು.

ಅವಳಿಗೆ ಇನ್ನೊಂದು ಇತ್ತು. ಕರೆಯೋಲೆಯ ಕೆಲಸ ಇಲ್ಲದ ಆಷಾಢದಲ್ಲಿ ಅವಳು ಪುಸ್ತಕ ಮಾಡುತ್ತಿದ್ದಳು. ಯಾವ ಪ್ರಕಾಶಕರೂ ಮುಟ್ಟದಂಥ ಪುಸ್ತಕಗಳು. ಪೂರ್ಣವಿರಾಮವೇ ಇಲ್ಲದ ಒಂದು ಕಾದಂಬರಿ. ಹೊಲಿಗೆ ಹಾಕದೆ ಬಿಡಿ ಹಾಳೆಗಳಲ್ಲೇ ಲಕೋಟೆಗೆ ತುಂಬಿದ ಒಂದು ಕವನ ಸಂಕಲನ, ಯಾವ ಹಾಳೆಯಿಂದ ಬೇಕಾದರೂ ಓದಬಹುದು. ಅದಕ್ಕೆ ಬಳಸಿದ್ದು ಮದುವೆ ಕಾರ್ಡಿನ ಉಳಿಕೆ ಕಾಗದ. ಕೆಲವು ಕವಿತೆಗಳ ಬೆನ್ನಿಗೆ ಚಿನ್ನದ ಬಣ್ಣದ ಬಾಳೆಕಂಬ ಇತ್ತು. ಮೈಸೂರು, ಧಾರವಾಡದ ಕಡೆಯ ಯಾರಾದರೊಬ್ಬರು ಓದಿ ನಾಲ್ಕು ಸಾಲು ಬರೆದರೆ ಅದನ್ನು ನನಗೂ ಓದಿ ಹೇಳುತ್ತಿದ್ದಳು.

ನನ್ನ ಕ್ಯಾಮೆರಾ ನೋಡಿದ ಮೇಲೆ ಅವಳಿಗೆ ಸಿನೆಮಾದ ಆಸೆ ಹತ್ತಿತು. ಮೊದಲು ಒಂದು ಪುಟ್ಟದ್ದು ಮಾಡಿದೆವು. ಮೊಳೆ ಜೋಡಿಸುವ ಕೈಗಳು, ಟ್ರೆಡಲ್ಲಿನ ಸದ್ದು, ಆ ಸದ್ದಿನ ತಾಳಕ್ಕೆ ಒಬ್ಬ ಕವಿ ಓದುವ ಕವಿತೆ. ಅಷ್ಟೇ. ಪ್ರೆಸ್ಸಿನಲ್ಲೇ ಟೀವಿ ಇಟ್ಟು, ಬಂದವರಿಗೆ ಅವಲಕ್ಕಿ ಕೊಟ್ಟು ತೋರಿಸಿದೆವು. ಅರ್ಥವಾಗಲಿಲ್ಲ ಎಂದು ಹೆಚ್ಚಿನವರು ಎದ್ದು ಹೋದರು. ಅಕ್ಕನಿಗೆ ಅದರಿಂದ ಏನೂ ಬೇಸರವಾದಂತೆ ಕಾಣಲಿಲ್ಲ.

ಅವಳ ಸ್ಥಿತಿ ನನಗೆ ಗೊತ್ತಾದದ್ದು ನಿಧಾನಕ್ಕೆ. ಪ್ರೆಸ್ಸು ಅವಳ ಗಂಡನದ್ದು. ಮದುವೆಯಾಗಿ ಕೆಲವೇ ವರ್ಷದಲ್ಲಿ ಅವರು ತೀರಿಕೊಂಡರು. ಕಟ್ಟಡ ಗಂಡನ ಅಣ್ಣನ ಹೆಸರಿನಲ್ಲಿತ್ತು. ಪ್ರೆಸ್ಸು ನಡೆಯುವಷ್ಟು ದಿನ ಅವಳು ಅಲ್ಲಿರಲಿ, ನಿಂತ ದಿನ ಮನೆಗೆ ಬಂದು ಅಡುಗೆಮನೆ ನೋಡಿಕೊಳ್ಳಲಿ ಎಂದು ಆ ಭಾವ ಹೇಳಿಟ್ಟಿದ್ದರು. ಹಿಂದಿನ ಕೋಣೆಯಲ್ಲಿ ಅವಳ ಒಲೆ, ಹಾಸಿಗೆ. ಮುಂದಿನ ಕೋಣೆಯಲ್ಲಿ ಮಶಿನ್ನು. ಜ್ವರ ಬಂದರೂ ಶಟರು ಎತ್ತುತ್ತಿದ್ದಳು. ಒಂದು ದಿನ ಮುಚ್ಚಿದ್ದು ಕಂಡರೆ ಭಾವನಿಗೆ ಸುದ್ದಿ ಮುಟ್ಟುತ್ತಿತ್ತು. ಧಾರವಾಡದಲ್ಲಿ ಅವಳು ಅಚ್ಚು ಹಾಕಿದ ಕಾದಂಬರಿಯ ಬಗ್ಗೆ ಮಾತಾಡುವ ಸಭೆ ಇದ್ದಾಗಲೂ ಅವಳು ಹೋಗಲಿಲ್ಲ. ಶಟರಿನ ಕೆಳಗಿಂದ ಕಾಣುವ ಬೀದಿಯನ್ನಷ್ಟೇ ನೋಡುತ್ತ ವರ್ಷಗಳನ್ನು ಕಳೆದವಳು...

ಆ ಹೊತ್ತಿಗೆ ದಾಸನಕೊಪ್ಪದ ಮೇಷ್ಟ್ರು ಬಂದರು. ಪ್ರಾಥಮಿಕ ಶಾಲೆಯ ಮಾಸ್ತರಿಕೆ, ಕತೆ ಬರೆಯುವ ಹುಚ್ಚು. ಅವರ ಸೋದರತ್ತೆಯನ್ನು ಗಂಡನ ಮನೆಯವರು ತಲೆ ಸರಿಯಿಲ್ಲವೆಂದು ತಂದುಬಿಟ್ಟು ಹೋಗಿದ್ದರು. ಅಂದಿನಿಂದ ಆಕೆ ತವರಿನ ಒಳಕೋಣೆಯಲ್ಲಿ. ಮನೆಯವರು ಹೊಲಕ್ಕೆ ಹೋಗುವಾಗ, ನೆಂಟರು ಬಂದಾಗ ಹೊರಗಿನಿಂದ ಚಿಲಕ. ಮೇಷ್ಟ್ರು ಅದನ್ನೇ ಬರೆದಿದ್ದರು, ಆಕೆಯ ದನಿಯಲ್ಲಿ.

ಅಕ್ಕ ಅದನ್ನು ಅಚ್ಚು ಹಾಕಿದ ರೀತಿ ನಾನು ಬೇರೆಲ್ಲೂ ಕಂಡಿಲ್ಲ. ಮೊದಲ ಪುಟ ತುಂಬ ಅಕ್ಷರ. ಪುಟ ತಿರುವಿದಂತೆ ಸುತ್ತಲಿನ ಖಾಲಿ ಜಾಗ ಸ್ವಲ್ಪ ಸ್ವಲ್ಪವೇ ಒಳಗೆ ಒತ್ತುತ್ತ ಬರುತ್ತದೆ. ಕೊನೆಯ ಪುಟದ ನಟ್ಟನಡುವೆ ಒಂದೇ ಸಾಲು. ಓದುತ್ತ ಹೋದರೆ ಉಸಿರು ಸಣ್ಣಗಾಗುತ್ತಿತ್ತು. ಖಾಲಿ ಜಾಗಕ್ಕೂ ಸೀಸದ ತುಂಡು ಜೋಡಿಸಲೇಬೇಕಲ್ಲ, ಅಕ್ಕ ಒಂದು ಮಳೆಗಾಲವಿಡೀ ಅದನ್ನೇ ಮಾಡಿದಳು.

“ತಮಾ, ಇದನ್ನ ಸಿನೆಮಾ ಮಾಡವು” ಎಂದಳು ಪುಸ್ತಕ ಮುಗಿದ ದಿನವೇ.

ಪಾತ್ರ ಮಾಡಲು ಯಾರೂ ಒಪ್ಪಲಿಲ್ಲ. ನಾಟಕದಲ್ಲಿ ಪಾತ್ರ ಮಾಡುತ್ತಿದ್ದ ಒಬ್ಬ ಹೆಂಗಸಿನ ಗಂಡ, “ಹುಚ್ಚಿ ಪಾತ್ರ ಮಾಡಿದ್ರೆ ನಾಳೆ ಊರವ್ರು ಹಂಗೇ ಕರಿತ್ರು” ಎಂದು ಬಾಗಿಲಿನಿಂದಲೇ ನಮ್ಮನ್ನು ಕಳಿಸಿದ. ಕಡೆಗೆ ಅಕ್ಕನೇ ಮಾಡುವುದೆಂದಾಯಿತು. ದಾಸನಕೊಪ್ಪದಲ್ಲಿ ತೆಗೆಯುವ ಮಾತೇ ಇರಲಿಲ್ಲ. ಯಲ್ಲಾಪುರದ ಆಚೆ ಇಡಗುಂದಿಯಲ್ಲಿ ಒಬ್ಬ ಮುದುಕರು ತಮ್ಮ ಹಳೆಯ ಮನೆಯ ಉಗ್ರಾಣದ ಕೋಣೆ ಬಿಟ್ಟುಕೊಟ್ಟರು. “ತೆಗಿರಿ. ಎನ್ನ ಮನೆ ಹೇಳಿ ಮಾತ್ರ ಯಾರಿಗೂ ಹೇಳಡಿ” ಎಂಬುದೊಂದೇ ಅವರ ಷರತ್ತು.

ಅಕ್ಕ ಭಾವನಿಗೆ ಗಂಟುನೋವಿನ ಔಷಧಿಗೆ ಯಲ್ಲಾಪುರಕ್ಕೆ ಹೋಗುತ್ತೇನೆಂದು ಹೇಳಿ ಬರುತ್ತಿದ್ದಳು. ಬೆಳಗಿನ ಬಸ್ಸಿಗೆ ಬಂದು ಸಂಜೆಯೊಳಗೆ ವಾಪಸ್ಸು. ಆ ಕೋಣೆಗೆ ಇದ್ದದ್ದು ಕೈ ತೂರುವಷ್ಟು ಒಂದು ಕಿಟಕಿ. ಕರೆಂಟು ನಂಬುವ ಹಾಗಿಲ್ಲ. ನನ್ನ ಕ್ಯಾಮೆರಾಕ್ಕೆ ಬೆಳಕು ಬೇಕೇ ಬೇಕು. ಹಾಗಾಗಿ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಬಾಗಿಲು ಕಾಣದ ಹಾಗೆ ಕ್ಯಾಮೆರಾ ಇಟ್ಟು ತೆಗೆದೆ. ನೆಲದ ಮೇಲೆ ಬಿಸಿಲಿನ ಒಂದು ಉದ್ದ ಪಟ್ಟಿ. ಅದರ ಅಂಚಿಗೆ ಗೋಡೆಗೆ ಒರಗಿ ಕೂತ ಅಕ್ಕ. ತಲೆ ಬಾಚಿಕೊಳ್ಳುತ್ತಾಳೆ, ಗೋಡೆಯ ಸುಣ್ಣ ಉಗುರಿನಿಂದ ಕೆರೆಯುತ್ತಾಳೆ, ಇರುವೆಯ ಸಾಲು ನೋಡುತ್ತಾಳೆ. ಮಾತಿಲ್ಲ. ನಟನೆ ಎನ್ನುವುದು ಅವಳಲ್ಲಿ ಇರಲೇ ಇಲ್ಲ. ಕಣ್ಣಿಗೆ ಕ್ಯಾಮೆರಾ ಒತ್ತಿ ನೋಡುತ್ತಿದ್ದ ನನಗೆ ಎಷ್ಟೋ ಸಲ ‘ಸಾಕು, ಎದ್ದೇಳು ಅಕ್ಕ’ ಎಂದು ಕೂಗಬೇಕೆನಿಸುತ್ತಿತ್ತು.

ಎರಡು ವಿ.ಸಿ.ಆರ್. ಜೋಡಿಸಿ ಅದನ್ನು ಒಂದು ಗಂಟೆಯ ಚಿತ್ರವಾಗಿ ಕೂಡಿಸಿದೆವು. ತೆಗೆದ ಮೂಲ ಕ್ಯಾಸೆಟ್ಟುಗಳ ಮೇಲೆ, ಮೊದಲಿನ ಪುಟ್ಟ ಚಿತ್ರದ್ದರ ಮೇಲೂ, ಮತ್ತೆ ಮದುವೆಗಳನ್ನು ತೆಗೆದೆ. ಹೊಸ ಕ್ಯಾಸೆಟ್ಟು ಕೊಳ್ಳುವ ಅನುಕೂಲ ಇಬ್ಬರಿಗೂ ಇರಲಿಲ್ಲ. ಹಾಗೆ ಉಳಿದದ್ದು ಒಂದೇ ಪ್ರತಿ.

ಊರಿಗೆ ತೋರಿಸುವ ಮೊದಲೇ ಮೇಷ್ಟ್ರು ಬಂದರು. ಮಧ್ಯಾಹ್ನದ ಹೊತ್ತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ನಿಂತರು.

“ಅಕ್ಕಾರ, ನಮ್ಮ ತಂಗಿ ನಿಶ್ಚೇ ಮುರಿಯೂ ಹಂಗಾಗೇತ್ರಿ. ಗಂಡಿನ ಕಡ್ಯಾರ ಕೈಗೆ ಪುಸ್ತಕ ಸಿಕ್ಕೈತಿ. ಮನಿತನದಾಗ ಹುಚ್ಚು ಐತಂತ ಅನ್ನಾಕ ಹತ್ಯಾರ. ಪುಸ್ತಕ ನಿಲ್ಲಸ್ರಿ. ಆ ಸಿನೆಮಾನೂ ಬ್ಯಾಡ್ರಿ.”

ಅಕ್ಕ ಕೈಯ ಮಸಿ ಒರೆಸಿಕೊಂಡಳು. “ಪುಸ್ತಕ ನೀವು ಬರೆದದ್ದು. ನೀವು ಬೇಡ ಅಂದ್ರೆ ಇವತ್ತಿಂದ ಕೊಡೂದಿಲ್ಲ. ಒಂದು ಮಾತು ಕೇಳ್ತೇನೆ ಮೇಷ್ಟ್ರೇ, ಇದನ್ನ ಬರೀಬೇಕಾದ್ರೆ ನಿಮ್ಮ ಅತ್ತೆ ಹತ್ರ ಕೇಳಿದ್ರಾ?”

“ಆಕೀನ ಯಾರ್ ಕೇಳ್ತಾರ್ರೀ...” ಎಂದ ಮೇಷ್ಟ್ರು, ಹೇಳಿದ್ದು ತಮಗೇ ಕೇಳಿಸಿತೇನೋ, ತಲೆ ತಗ್ಗಿಸಿದರು.

“ನಾನೂ ಕೇಳಲಿಲ್ಲ” ಎಂದಳು ಅಕ್ಕ. “ಈಗ ಕೇಳ್ತೇನೆ. ಸಿನೆಮಾ ಮೊದಲು ಅವರು ನೋಡ್ಲಿ. ಬೇಡ ಅಂದ್ರೆ ಅಳಸ್ತೇನೆ. ಅವರು ಹೇಳಿದ್ದು ಮಾತ್ರ ಕೇಳ್ತೇನೆ, ಬೇರೆ ಯಾರು ಹೇಳಿದ್ದೂ ಅಲ್ಲ.”

ಮೇಷ್ಟ್ರು ಮನೆಯವರನ್ನು ಹೇಗೆ ಒಪ್ಪಿಸಿದರೋ ಗೊತ್ತಿಲ್ಲ. ಒಂದು ಭಾನುವಾರ ವಿ.ಸಿ.ಆರ್. ಚೀಲಕ್ಕೆ ಹಾಕಿಕೊಂಡು ಬನವಾಸಿಯ ಬಸ್ಸು ಹತ್ತಿ ದಾಸನಕೊಪ್ಪದಲ್ಲಿ ಇಳಿದೆವು. ಪಡಸಾಲೆಯ ಟೀವಿಯನ್ನು ಒಳಕೋಣೆಗೆ ಸಾಗಿಸಿ ವಯರು ಎಳೆದೆವು. ಗೋಡೆಗೆ ಒರಗಿ ಕೂತ ಆಕೆ ತೆಳ್ಳಗೆ, ಬಿಳಿಚಿಕೊಂಡಿದ್ದರು. ಕೂದಲು ಮಾತ್ರ ನೀಟಾಗಿ ಬಾಚಿತ್ತು. ಬಾಗಿಲ ಚೌಕಟ್ಟಿನಲ್ಲಿ ಆಕೆಯ ಅಣ್ಣ, ಅಂದರೆ ಮೇಷ್ಟ್ರ ತಂದೆ, ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದರು. ಅಕ್ಕ ಆಕೆಯ ಪಕ್ಕ ಚಾಪೆಯ ಮೇಲೆ ಕೂತಳು.

ಚಿತ್ರ ಶುರುವಾಯಿತು. ಆಕೆ ಕಣ್ಣು ಮಿಟುಕಿಸದೆ ನೋಡಿದರು. ಒಮ್ಮೆ ಟೀವಿಯಲ್ಲಿದ್ದ ಅಕ್ಕನನ್ನು, ಒಮ್ಮೆ ಪಕ್ಕದಲ್ಲಿದ್ದ ಅಕ್ಕನನ್ನು. ಅರ್ಧ ದಾಟಿರಬೇಕು, ಆಕೆ ಮುಂದೆ ಬಾಗಿ ತೆರೆಯ ಮೇಲಿನ ಬಿಸಿಲಿನ ಪಟ್ಟಿಗೆ ಬೆರಳಿಟ್ಟರು.

“ಬಾಗ್ಲಾ ತಗದೈತಲಾ” ಎಂದರು. “ಬೆಳಕು ನೋಡು, ಹೊಸ್ತಿಲ ದಾಟಿ ಬಂದೈತಿ. ಮತ್ತ ಈಕಿ ಯಾಕ ಎದ್ದು ಹೊರಗ ಹೋಗವಲ್ಲಳು?”

ಬೆಳಕಿಗಾಗಿ ಬಾಗಿಲು ತೆರೆದಿಟ್ಟಿದ್ದೆವು ಎಂದು ನಾನು ಹೇಳಬೇಕಿತ್ತು. ಅಕ್ಕನ ಮುಖ ನೋಡಿದೆ. ರೋಲರಿನ ಸಂದಿಗೆ ಬೆರಳು ಸಿಕ್ಕಿದವರ ಹಾಗೆ, ನೋವು ಮೆದುಳಿಗೆ ತಲುಪುವ ಮೊದಲಿನ ಆ ಕ್ಷಣದ ಮುಖ ಅದು. ಚೌಕಟ್ಟಿನಲ್ಲಿದ್ದ ಅಣ್ಣ ನಿಧಾನಕ್ಕೆ ಹಿಂದೆ ಸರಿದು ಹೊರಗೆ ಹೋದರು.

ಮುಗಿದ ಮೇಲೆ ಅಕ್ಕ ಕೇಳಿದಳು, “ಇದನ್ನ ಜನರಿಗೆ ತೋರಿಸ್ಲಾ?”

“ಬ್ಯಾಡವ್ವ. ಮಂದಿ ಇದನ್ನ ನೋಡಿ ನನ್ನ ನೋಡಾಕ ಬರ್ತಾರ. ಈ ಕೋಣಿ ಬಿಟ್ಟು ನಾ ಮತ್ತೆಲ್ಲಿ ಅಡಗಲಿ?”

ಮರುದಿನ ಅಕ್ಕ ನನ್ನನ್ನು ಪ್ರೆಸ್ಸಿಗೇ ಕರೆದಳು. ಹಿಂದಿನ ಕೋಣೆಯಲ್ಲಿ ಟೀವಿ, ವಿ.ಸಿ.ಆರ್. ಜೋಡಿಸಿದೆ. ಕ್ಯಾಸೆಟ್ಟು ಅಳಿಸುವುದೆಂದರೆ ಗುಂಡಿ ಒತ್ತಿದರೆ ಮುಗಿಯುವ ಕೆಲಸವಲ್ಲ. ಏನೂ ಇಲ್ಲದ ಚಾನೆಲ್ಲನ್ನು ಅದರ ಮೇಲೆ ರೆಕಾರ್ಡು ಮಾಡುತ್ತ ಹೋಗಬೇಕು. ಒಂದು ಗಂಟೆಯ ಚಿತ್ರ ಅಳಿಸಲು ಒಂದು ಗಂಟೆ. ನೀಲಿ ತೆರೆಯ ಮುಂದೆ ಇಬ್ಬರೂ ಕೂತೆವು. ಎದ್ದು ಹೋಗಬಹುದಿತ್ತು, ಯಾಕೋ ಏಳಲಾಗಲಿಲ್ಲ.

“ಅಕ್ಕ, ಹೆಸರು ಬದಲಾಯಿಸಿ ದೂರದ ಊರಲ್ಲಾದ್ರೂ ತೋರಿಸ್ಲಾಗಿತ್ತು” ಎಂದೆ ತಡೆಯದೆ.

“ಮಾತು ಕೊಟ್ಟಾತು ತಮಾ.” ಕಣ್ಣು ತೆರೆಯ ಮೇಲೇ ಇಟ್ಟು, “ಅವ್ಳು ಕೇಳಿದ್ದು ಕೇಳಿದ್ಯಲಿ?” ಎಂದಳು. “ಈ ಶಟರಿಗೆ ಹೊರಗಿಂದ ಚಿಲಕ ಹಾಕಿದವ್ವು ಯಾರೂ ಇಲ್ಲೆ. ದಿನಾ ಬೆಳಿಗ್ಗೆ ಆನೇ ಎತ್ತುತ್ತೆ. ಎತ್ತಿ ಒಳಗೇ ಕೂರ್ತೆ. ಪ್ರೆಸ್ಸಿಗೆ ಬಂದಾಗ ಬಿಡುಗಡೆ ಆತು ಹೇಳಿ ತಿಳ್ಕಂಡಿದ್ದೆ...”

ಕ್ಯಾಸೆಟ್ಟು ಮುಗಿಯಿತು. ವಿ.ಸಿ.ಆರ್. ತಾನಾಗಿ ಟಕ್ಕೆಂದು ನಿಂತಿತು.

ಅದಾದ ಸ್ವಲ್ಪ ದಿನಕ್ಕೆ ನಾನು ಶಿರಸಿಗೆ ಹೋದಾಗ ಪ್ರೆಸ್ಸಿನ ಶಟರು ಪೂರ್ತಿ ಇಳಿದಿತ್ತು. ಈ ಸಲ ಯಾವ ನೆಪವನ್ನೂ ಹೇಳದೆ ಹೋಗಿದ್ದಾಳೆಂದು ಪಕ್ಕದ ಟೇಲರಿಗೂ ಆಶ್ಚರ್ಯ. ಅಕ್ಕ ದಾಸನಕೊಪ್ಪಕ್ಕೆ ಹೋಗಿದ್ದಳು. ಮುಂದಿನ ವಾರ ಮತ್ತೆ ಹೋದಳು. ಆಮೇಲೆ ಅದು ರೂಢಿಯೇ ಆಯಿತು. ಅಲ್ಲಿ ಏನು ಮಾಡುತ್ತೀ ಎಂದರೆ, “ಎಂತೂ ಇಲ್ಲೆ, ಕೂತ್ಕತ್ತೆ” ಎನ್ನುತ್ತಿದ್ದಳು. ಒಬ್ಬರ ತಲೆ ಒಬ್ಬರು ಬಾಚುತ್ತಾರೆ, ಅಕ್ಕಿ ಆರಿಸುತ್ತಾರೆ, ಮಾತು ಕಡಿಮೆ ಎಂದು ಮೇಷ್ಟ್ರು ಹೇಳಿದರು. ಅಕ್ಕ ಇರುವಷ್ಟು ಹೊತ್ತು ಕೋಣೆಯ ಬಾಗಿಲು ತೆಗೆದಿರುತ್ತಿತ್ತು. ಕ್ರಮೇಣ ಅಕ್ಕ ಹೋದ ಮೇಲೂ ಚಿಲಕ ಹಾಕಲು ಆ ಅಣ್ಣನಿಗೆ ಕೈ ಬರಲಿಲ್ಲವಂತೆ. ಮೇಷ್ಟ್ರ ತಂಗಿಯ ಮದುವೆಯೂ ನಡೆಯಿತು, ಯಾವ ಕುತ್ತೂ ಬರಲಿಲ್ಲ. ನಾನೇ ವಿಡಿಯೋ ತೆಗೆದೆ. ಅತ್ತೆ ಆ ದಿನವೂ ಒಳಗೇ ಇದ್ದರು, ಆದರೆ ಬಾಗಿಲು ಮುಚ್ಚಿರಲಿಲ್ಲ.

ಶಿರಸಿಯಲ್ಲಿ ಆಗ ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಕರೆಯೋಲೆ ಮಾಡಿಕೊಡುವ ಅಂಗಡಿಗಳು ಬಂದಿದ್ದವು. ಬಂದ ಗಿರಾಕಿ ಮುಚ್ಚಿದ ಶಟರು ನೋಡಿ ಅತ್ತ ಹೋಗುತ್ತಿದ್ದ. ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟಿತು. ಭಾವ ಬಂದಾಗ ನಾನು ಅಲ್ಲೇ ಇದ್ದೆ. ಕೆಟ್ಟ ಮನುಷ್ಯರೇನಲ್ಲ. ದನಿ ಏರಿಸಲಿಲ್ಲ.

“ನಡಸಲೆ ಆಗ್ತಿಲ್ಲೆ ಅಂದ್ರೆ ಮನೆಗೆ ಬಾ ಹೇಳಿ ಅವತ್ತೇ ಹೇಳಿದ್ನಲೆ” ಎಂದರು. “ಯಾರದ್ದೋ ಮನೆ ಹುಚ್ಚಿ ನೋಡಲೆ ವಾರ ವಾರ ಹೋಪದು ಎಂತಕ್ಕೆ? ನಮ್ಮನೇಲಿ ಕೆಲಸ ಇಲ್ಯನಾ?”

ಅಕ್ಕ ದಾಸನಕೊಪ್ಪಕ್ಕೆ ಹೋಗುವುದನ್ನು ನಿಲ್ಲಿಸುತ್ತೇನೆಂದು ಹೇಳಿದ್ದರೆ ಪ್ರೆಸ್ಸು ಉಳಿಯುತ್ತಿತ್ತು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಅವಳು ಹೇಳಲಿಲ್ಲ.

ಮೊಳೆಗಳನ್ನು ಗುಜರಿಯವನು ತೂಕಕ್ಕೆ ಕೊಂಡುಹೋದ. ಮಶಿನ್ನು ಬಿಚ್ಚುವಾಗ ಅಕ್ಕ ಹೊರಗೆ ಟೇಲರಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಪುಸ್ತಕದ ಕಟ್ಟುಗಳಲ್ಲಿ ಒಂದಿಷ್ಟನ್ನು ಕೇಳಿದವರಿಗೆ ಕೊಟ್ಟಳು, ಕೇಳಿದವರು ಕಡಿಮೆ.

ಭಾವನ ಮಗ ಯಲ್ಲಾಪುರದಲ್ಲಿ ಹೊಸ ಮನೆ ಕಟ್ಟಿದ್ದ. ಅವಳನ್ನು ಅಲ್ಲಿಗೆ ಕರೆದೊಯ್ದರು. ಆ ಕಡೆ ಮದುವೆಗೆ ಹೋದಾಗ ಒಮ್ಮೆ ಹುಡುಕಿಕೊಂಡು ಹೋದೆ. ಮಹಡಿಯ ಮೇಲೆ, ಮಲಗಿದ್ದ ಭಾವನ ಮೊಮ್ಮಗುವಿನ ತೊಟ್ಟಿಲು ತೂಗುತ್ತ ಕೂತಿದ್ದಳು. ಕಿಟಕಿಯಿಂದ ಬಸ್‌ಸ್ಟ್ಯಾಂಡು ಕಾಣುತ್ತಿತ್ತು.

“ಅಕ್ಕ, ಮತ್ತೆ ದಾಸನಕೊಪ್ಪಕ್ಕೆ ಹೋಗಿದ್ಯಾ?”

“ಎಲ್ಲಿಂದ ಹೋಪದು? ಎಲ್ಲಿಗೆ, ಎಂತಕ್ಕೆ, ಯಾವಾಗ ಬತ್ತೆ ಹೇಳಿ ಎಲ್ಲ ಹೇಳಿ ಹೊರಡವು. ಹೇಳಿ ಮುಗಿಯದ್ರೊಳಗೆ ಬಸ್ಸು ಹೋಗಿರ್ತು.” ನಗಲು ನೋಡಿದಳು. ಮಗು ಮಿಸುಕಿತು, ದನಿ ತಗ್ಗಿಸಿದಳು. “ಕಡೇ ಸಲ ಹೋದಾಗ ಅವ್ಳು ಹೊರಗೆ ಜಗಲಿವರಿಗೆ ಬಂದಿತ್ತು ತಮಾ. ಎನ್ನ ಕೈ ಹಿಡ್ಕಂಡು. ಭಾರೀ ಬಿಸಿಲಿತ್ತು, ಕಣ್ಣು ಬಿಡಲೇ ಆಗ್ತಿತ್ತಿಲ್ಲೆ ಅವ್ಳಿಗೆ. ಆದ್ರೂ ಒಳಗೆ ಹೋಪನ ಹೇಳಿ ಅಂದಿದ್ದಿಲ್ಲೆ...”

ಹೊರಡುವಾಗ ಮೆಟ್ಟಿಲಿನವರೆಗೆ ಬಂದಳು. ಅಲ್ಲಿಂದ ಕೆಳಗೆ ಇಳಿಯಲಿಲ್ಲ.

ಎರಡು ಮೂರು ವರ್ಷ ಕಳೆದಿರಬೇಕು, ಆ ಟೇಲರು ಸಿಕ್ಕಾಗ ಹೇಳಿದ, ಪ್ರೆಸ್ಸಿನ ಅಕ್ಕ ಹೋದ್ರಂತಲ್ಲ ಎಂದು. ಜ್ವರ ಬಂದು ನಾಲ್ಕು ದಿನ ಮಲಗಿದ್ದಳಂತೆ. ನನಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮೊನ್ನೆ ಗ್ಯಾರೇಜಿನಿಂದ ಬೈಕು ಬಿಡಿಸಿಕೊಂಡ ದಿನವೇ ಶಿರಸಿಗೆ ಹೋದೆ. ಕಾರಣ ಏನೂ ಇರಲಿಲ್ಲ. ಪ್ರೆಸ್ಸಿದ್ದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ, ಗಾಜಿನ ಬಾಗಿಲು. ಸ್ವಲ್ಪ ಹೊತ್ತು ಎದುರಿಗೆ ನಿಂತು ಬಸ್‌ಸ್ಟ್ಯಾಂಡಿನ ಕಡೆ ಬಂದೆ. ಅಲ್ಲಿ ಬೆಂಚಿನ ಮೇಲೆ ಮೇಷ್ಟ್ರು. ನಿವೃತ್ತರಾಗಿ ತಲೆ ಪೂರ್ತಿ ಬೆಳ್ಳಗಾಗಿದೆ. ಪಕ್ಕದಲ್ಲಿ ಕಾಲೇಜು ಓದುವ ಮಗಳು. ಅತ್ತೆ ಹೋಗಿ ಕೆಲವು ವರ್ಷವಾಯಿತಂತೆ. ಕೊನೆಯವರೆಗೂ ಬೆಳಗಿನ ಹೊತ್ತು ಜಗಲಿಯ ಮೇಲೆಯೇ ಕೂರುತ್ತಿದ್ದರಂತೆ.

“ಆ ಸಿನೆಮಾ ಎಲ್ಲ್ಯಾರ ಒಂದು ಕಾಪಿ ಉಳದೈತೇನ್ರಿ?” ಎಂದು ಕೇಳಿದರು. “ಈಗ ಮನ್ಯಾಗಿನ ಹುಡುಗ್ರು ಕೇಳ್ತಾರ. ಕೋಣ್ಯಾಗಿದ್ದ ಆಯಿ ಹೆಂಗಿದ್ಲು, ಆ ಪ್ರೆಸ್ಸಿನ ಅಕ್ಕಾರು ಹೆಂಗಿದ್ರು ಅಂತ. ಒಂದು ಫೋಟೋನೂ ಇಲ್ಲ ನೋಡ್ರಿ ನಮ್ಮ ಹತ್ರ.”

“ಇಲ್ರೀ” ಎಂದೆ. ಜಿಲ್ಲೆಯ ಅರ್ಧ ಮದುವೆಗಳಲ್ಲಿ ಯಾರು ಯಾರ ಪಕ್ಕ ಕೂತು ಉಂಡರು ಎಂಬುದೂ ನನ್ನ ಹತ್ತಿರ ಇದೆ. ಅಕ್ಕನದ್ದು ಇಲ್ಲ.

“ಅದರಾಗ ಏನೇನಿತ್ತು, ನೀವರ ಹೇಳ್ರಿ ಸರ್” ಎಂದಳು ಮಗಳು, ನನ್ನ ಕಡೆ ತಿರುಗಿ ಕೂತು.

ಹೇಳತೊಡಗಿದೆ. ಒಂದು ಕೋಣೆ. ಸುಣ್ಣದ ಗೋಡೆ. ನೆಲದ ಮೇಲೆ ಬಿಸಿಲು. ಅದರ ಅಂಚಿಗೆ ಒಬ್ಬ ಹೆಂಗಸು ಕೂದಲು ಬಿಚ್ಚಿ ಬಾಚಣಿಗೆ ಕೈಗೆ ತೆಗೆದುಕೊಳ್ಳುತ್ತಾಳೆ... ಅಷ್ಟರಲ್ಲಿ ಅವರ ಬಸ್ಸು ಬಂತು. ಮೇಷ್ಟ್ರು ಎದ್ದರು. ಹುಡುಗಿ ಹತ್ತಿ ಕಿಟಕಿಯ ಪಕ್ಕ ಕೂತು, ಆಮೇಲೆ ಎಂದು ಕೇಳುವವಳ ಹಾಗೆ ನನ್ನನ್ನೇ ನೋಡುತ್ತಿದ್ದಳು. ಕಂಡಕ್ಟರು ಸೀಟಿ ಊದಿದ.